ನಿಮ್ಮ ಕಾರು ಕೂಗುತ್ತದೋ, ನಿಲ್ಲುತ್ತದೋ?

ಚಳ್ಳಕೆರೆ ದಾಟಿ ಬಳ್ಳಾರಿ ಕಡೆ ಹೊರಟರೆ ಹೆದ್ದಾರಿ 150ಎ ನೆಟ್ಟಗೆ ಮಲಗಿರುತ್ತದೆ. ಎರಡೂ ಬದಿಗೆ ಶೇಂಗಾ ಹೊಲ, ಜಾಲಿ, ಮಧ್ಯೆ ಮಧ್ಯೆ ಬಂಡೆಗುಡ್ಡ. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬರೋಣವೆಂದು ಗೆಳೆಯರೊಬ್ಬರ ಹೊಸ ಕಾರಿನಲ್ಲಿ ಹೊರಟಿದ್ದೆವು. ಅವರು ಎಂಬತ್ತಕ್ಕೆ ಕ್ರೂಸ್ ಕಂಟ್ರೋಲ್ ಹಾಕಿ, ಕಾಲು ಹಿಂದಕ್ಕೆಳೆದುಕೊಂಡು ಆರಾಮಾಗಿ ಕೂತರು. “ಎಡಿಎಎಸ್ ಇರೋ ಗಾಡಿ. ಎದುರಿಗೆ ಏನಾದ್ರೂ ಬಂದ್ರೆ ತಾನೇ ನಿಲ್ಲುತ್ತೆ” ಅಂದರು. ಕ್ಯಾಮೆರಾ, ರಾಡಾರ್‌ಗಳಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ಸೌಲಭ್ಯಗಳ ಒಟ್ಟು ಹೆಸರು ಎಡಿಎಎಸ್.

ಎದುರಿಗೆ ಬಂದದ್ದು ಕುರಿಹಿಂಡು. ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡ ಮುದುಕ ಒಂದು ಕೈಯಲ್ಲಿ ಕೋಲೆತ್ತಿ ರಸ್ತೆಯ ನಡುವೆ ನಿಂತಿದ್ದ. ಇನ್ನೊಂದು ಕಂಕುಳಲ್ಲಿ ಆಗಷ್ಟೇ ಹುಟ್ಟಿದಂಥ ಮರಿ. ಕುರಿಗಳು ತಲೆ ತಗ್ಗಿಸಿ, ಒಂದರ ಬಾಲಕ್ಕೆ ಒಂದು ಮೂತಿಯಿಟ್ಟು ದಾಟುತ್ತಿದ್ದವು. ಕಾರು ಎಂಬತ್ತರಲ್ಲೇ ಓಡುತ್ತಿತ್ತು. ಹಿಂದಿನ ಸೀಟಿನಿಂದ ಅವರ ಹೆಂಡತಿ ಕಿರುಚಿದರು. ಗೆಳೆಯರು ಎದ್ದು ನಿಂತಂತೆ ಬ್ರೇಕ್ ತುಳಿದರು. ಟೈರಿನ ಚೀರಾಟ ನಿಂತಾಗ ಕೊನೆಯ ಕುರಿಗೂ ಬಾನೆಟ್ಟಿಗೂ ಎರಡು ಮಾರು ದೂರ. ಮುದುಕ ಬೈಯಲಿಲ್ಲ. ಮರಿಯನ್ನು ಇನ್ನಷ್ಟು ಅವಚಿಕೊಂಡು ನಮ್ಮನ್ನೇ ನೋಡಿದ. ಆ ನೋಟ ಇನ್ನೂ ಕಣ್ಣಲ್ಲಿದೆ.

ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಕವರೂ ಬಿಚ್ಚದ ಕೈಪಿಡಿ ತೆಗೆದು ಓದಿದೆವು. ಅವರ ಕಾರಿನಲ್ಲಿದ್ದದ್ದು ಬರೀ ಕ್ರೂಸ್ ಕಂಟ್ರೋಲ್. ಕೊಟ್ಟ ವೇಗ ಹಿಡಿದುಕೊಂಡು ಹೋಗುವುದಷ್ಟೇ ಅದರ ಕೆಲಸ. ಎದುರಿಗೆ ಲಾರಿ ಇದೆಯೋ ಕುರಿ ಇದೆಯೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಲು ಕಣ್ಣೇ ಇಲ್ಲ. ಎದುರಿನ ವಾಹನ ನೋಡಿ ವೇಗ ತಗ್ಗಿಸುವ ಅಡಾಪ್ಟಿವ್ ಕ್ರೂಸ್, ತಾನೇ ಬ್ರೇಕ್ ಹಾಕುವ ಸೌಲಭ್ಯ, ಎಲ್ಲವೂ ಅದೇ ಕಾರಿನ ಎಲ್ಲಕ್ಕಿಂತ ದುಬಾರಿ ಮಾದರಿಯಲ್ಲಿ ಮಾತ್ರ. ಅಂಗಡಿಯವರು ಓಡಿಸಿ ತೋರಿಸಿದ್ದು ಆ ಗಾಡಿ; ಇವರು ಕೊಂಡದ್ದು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು. ಹೆಸರು ಒಂದೇ, ಬಣ್ಣ ಒಂದೇ, ಮುಖ ಒಂದೇ.

ಈ ಬೆಟ್ಟದಲ್ಲಿ ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನಿಗೆ ಜಟಾಯು ಅಡ್ಡ ನಿಂತು ರೆಕ್ಕೆ ಕತ್ತರಿಸಿಕೊಂಡು ಬಿದ್ದನೆಂದು ಸೀಮೆಯ ಜನ ನಂಬುತ್ತಾರೆ. ಜಟಾಯುವಿಗೆ ಒಬ್ಬ ಅಣ್ಣ, ಸಂಪಾತಿ. ಅವನದು ದೂರದೃಷ್ಟಿ; ಸೀತೆ ಲಂಕೆಯಲ್ಲಿದ್ದಾಳೆಂದು ಕಪಿಗಳಿಗೆ ಹೇಳಿದವನು. ಅಣ್ಣ ನೋಡಿ ಹೇಳಿದ, ತಮ್ಮ ಅಡ್ಡ ನಿಂತ. ಕಾರಿನ ಸುರಕ್ಷತಾ ಸೌಲಭ್ಯಗಳಲ್ಲೂ ಈ ಎರಡು ಜಾತಿಗಳಿವೆ. ಕೊಳ್ಳುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ.

ಡಿಕ್ಕಿಯಾಗುತ್ತದೆ ಎಂದು ಕೂಗಿ ಹೇಳುವುದು ಫಾರ್ವರ್ಡ್ ಕೊಲಿಷನ್ ವಾರ್ನಿಂಗ್. ಬ್ರೇಕ್ ಹಾಕುವುದು ಆಟೋನಾಮಸ್ ಎಮರ್ಜೆನ್ಸಿ ಬ್ರೇಕಿಂಗ್. ಪಥ ತಪ್ಪಿದಿರಿ ಎಂದು ಹೇಳುವುದು ಲೇನ್ ಡಿಪಾರ್ಚರ್ ವಾರ್ನಿಂಗ್. ಸ್ಟೇರಿಂಗ್ ಹಿಡಿದು ಒಳಕ್ಕೆ ತರುವುದು ಲೇನ್ ಕೀಪ್ ಅಸಿಸ್ಟ್. ‘ಬ್ಲೈಂಡ್ ಸ್ಪಾಟ್’ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ವಸ್ತು ಮಾರಾಟವಾಗುತ್ತವೆ: ಇಂಡಿಕೇಟರ್ ಹಾಕಿದಾಗ ಪಕ್ಕದ ಚಿತ್ರ ತೋರಿಸುವ ಕ್ಯಾಮೆರಾ, ಕನ್ನಡಿಯಲ್ಲಿ ದೀಪ ಹೊತ್ತಿಸುವ ರಾಡಾರ್, ನೀವು ಹೊರಳಿದರೂ ತಡೆಯುವ ವ್ಯವಸ್ಥೆ. ಮೊದಲನೆಯದರಲ್ಲಿ ನೋಡಬೇಕಾದವರು ನೀವೇ. ಇದರ ಮೇಲೆ ಕಂಪನಿಗೊಂದು ಹೆಸರು ಬೇರೆ. ಗಾಡಿ ಜಾರದಂತೆ ಹಿಡಿಯುವ ಒಂದೇ ವ್ಯವಸ್ಥೆಗೆ ಒಬ್ಬರು ಇಎಸ್‌ಸಿ ಅನ್ನುತ್ತಾರೆ, ಇನ್ನೊಬ್ಬರು ಇಎಸ್‌ಪಿ, ಮತ್ತೊಬ್ಬರು ವಿಎಸ್‌ಸಿ, ವಿಎಸ್‌ಎ.

ಅರ್ಥವಾಗದ ಇಂಥ ಹೆಸರುಗಳಿಗೆ ಹಳೆಯ ಹೋಲಿಕೆಯೊಂದು ಇಲ್ಲೇ ಇದೆ. ಈ ಸೀಮೆಯಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ; ಅವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಬರೆದವನು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಇಲ್ಲಿನವರಿಗೆ ಅದು ಓದಲು ಬಾರದ ಲಿಪಿ. ಕಾರಿನ ಬ್ರೋಷರ್ ಹಿಡಿದಾಗ ನನಗೆ ಚಪಡನ ಆ ಒಂದು ಮಾತು ನೆನಪಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಜೀವಕ್ಕೆ ಸಂಬಂಧಿಸಿದ್ದೆಲ್ಲ ಖರೋಷ್ಠಿಯಲ್ಲೇ ಇದೆ.

ಹಾಗಾದರೆ ಕಂಡುಕೊಳ್ಳುವುದು ಹೇಗೆ? ಕಾರಿನ ಹೆಸರು ಸಾಲದು, ಮಾದರಿಯ ಪೂರ್ತಿ ಹೆಸರು, ತಯಾರಾದ ತಿಂಗಳು, ವರ್ಷ ಬೇಕು. ಬ್ರೋಷರಿನ ಪಟ್ಟಿಯಲ್ಲಿ ನಿಮ್ಮ ಮಾದರಿಯ ಸಾಲನ್ನು ಮಾತ್ರ ಬೆರಳಿಟ್ಟು ಓದಿ. ಆಮೇಲೆ ಗಾಡಿಯ ಹತ್ತಿರ ಹೋಗಿ. ಮುಂಗಾಜಿನ ಒಳಗೆ, ನಡುಗನ್ನಡಿಯ ಹಿಂದೆ ಕ್ಯಾಮೆರಾ ಇದೆಯೇ ನೋಡಿ. ಮುಂದಿನ ಬಂಪರಿನಲ್ಲೋ ಲಾಂಛನದ ಹಿಂದೋ ನುಣುಪಾದ ಚಪ್ಪಟೆ ಮುಚ್ಚಳವಿದ್ದರೆ ಅದರ ಹಿಂದೆ ರಾಡಾರ್ ಇರಬಹುದು. ಇಗ್ನಿಷನ್ ಹಾಕಿದೊಡನೆ ಮೀಟರಿನಲ್ಲಿ ಹೊತ್ತಿ ಆರುವ ದೀಪಗಳನ್ನು ಎಣಿಸಿ. ಜಾರುವ ಕಾರಿನ ಚಿತ್ರ ಬಂದರೆ ಸಾಮಾನ್ಯವಾಗಿ ಇಎಸ್‌ಸಿ ಇದೆ ಎಂದರ್ಥ. ಪರದೆಯ ಸೆಟ್ಟಿಂಗ್ಸ್‌ನಲ್ಲಿ ಒಂದೊಂದನ್ನೂ ಹುಡುಕಿ, ಚಾಲೂ ಇದೆಯೇ ಎಂದೂ ನೋಡಿ. ಎಷ್ಟೋ ಜನ ‘ಕಿರಿಕಿರಿ’ ಎಂದು ಮೊದಲ ವಾರವೇ ಆರಿಸಿಬಿಡುತ್ತಾರೆ. ಕೊನೆಯ ಮಾತು ಮಾತ್ರ ಕೈಪಿಡಿಯದು. ಯಾವ ವೇಗದಿಂದ ಯಾವ ವೇಗದವರೆಗೆ ಕೆಲಸ ಮಾಡುತ್ತದೆ, ಏನನ್ನು ಗುರುತಿಸುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದನ್ನು ಬರೆದಿರುವುದು ಅಲ್ಲಿ ಮಾತ್ರ.

ಹಳೇ ಗಾಡಿ ಕೊಳ್ಳುವವರು ಇನ್ನೊಂದು ವಿಷಯ ವಿಚಾರಿಸಬೇಕು. ಮುಂಗಾಜು ಬದಲಾಗಿದೆಯೇ, ಬಂಪರ್ ಬಿಚ್ಚಿ ಬಣ್ಣ ಹೊಡೆದಿದ್ದಾರೆಯೇ? ಹಾಗಿದ್ದರೆ ಕ್ಯಾಮೆರಾ, ರಾಡಾರ್‌ಗಳ ಗುರಿ ಮತ್ತೆ ಹೊಂದಿಸಿದ ದಾಖಲೆ ಕೇಳಿ. ಗುರಿ ಕೊಂಚ ವಾರೆಯಾದರೂ ಪಕ್ಕದ ಪಥದ ಲಾರಿಯನ್ನು ಎದುರಿನದೆಂದು ತಿಳಿಯುವ ಅಪಾಯವಿದೆ.

ಎಂಬತ್ತು ದಾಟಿದಾಗ ಕೀಂ ಅನ್ನುವುದನ್ನೇ ಎಡಿಎಎಸ್ ಎಂದುಕೊಂಡವರನ್ನೂ ಕಂಡಿದ್ದೇನೆ. ಅದು 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ವೇಗದ ಎಚ್ಚರಿಕೆ. ಹಿಂಬದಿಯ ಪಾರ್ಕಿಂಗ್ ಸೆನ್ಸರೂ ಅದೇ ಆದೇಶದ್ದು. ಐದು ನಕ್ಷತ್ರದ ಕಥೆಯೂ ಹೀಗೇ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಡಿಕ್ಕಿಯಲ್ಲಿ ಒಳಗಿದ್ದವರು ಎಷ್ಟು ಉಳಿಯುತ್ತಾರೆಂದು ಅಳೆಯುತ್ತದೆ. ಗುದ್ದುವ ಮೊದಲೇ ಕಾರು ನಿಲ್ಲುತ್ತದೆ ಎಂಬ ಭರವಸೆಯನ್ನು ಆ ನಕ್ಷತ್ರಗಳು ಕೊಡುವುದಿಲ್ಲ.

ತಾನೇ ನೋಡಿ, ತಾನೇ ದಾರಿ ತಿದ್ದಿಕೊಂಡು, ತಾನೇ ಬ್ರೇಕ್ ಹಾಕಿ ನಿಂತ ವಾಹನವೊಂದು ಚಳ್ಳಕೆರೆ ತಾಲ್ಲೂಕಿನಲ್ಲೇ ಇಳಿದಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಲ್ಲಿ ಇಸ್ರೊ 2023ರ ಏಪ್ರಿಲ್ 2ರಂದು, ಮತ್ತೆ 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟಿತು. ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನೂರರ ಆಸುಪಾಸಿಗೆ ಇಳಿದು, ಆಮೇಲೆ ಚಕ್ರದ ಬ್ರೇಕಿನಲ್ಲಿ ನಿಂತಿತು. ರಾಡಾರ್ ಆಲ್ಟಿಮೀಟರ್, ನಾವಿಕ್ ಉಪಗ್ರಹ ಸಂಕೇತ, ಚಲನೆ ಅಳೆಯುವ ಸಾಧನ, ನೆಲದಿಂದ ಸಂಕೇತ ಕೊಡುವ ಕೇಂದ್ರ, ಹೀಗೆ ಹಲವು ಕಣ್ಣು ಅದಕ್ಕೆ. ಈ ನೆಲ ಹೆಮ್ಮೆ ಪಡಬೇಕಾದ ಸಾಧನೆ ಅದು. ಆದರೆ ಆ ರನ್‌ವೇಗೆ ಬೇಲಿಯಿದೆ. ಅಲ್ಲಿ ಕುರಿ ದಾಟುವುದಿಲ್ಲ.

ನಮ್ಮ ರಸ್ತೆಗೆ ಬೇಲಿಯಿಲ್ಲ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಅವನ್ನು ಹೊಡೆದುಕೊಂಡು ಬರುತ್ತಾರೆ. ನಾಯಕನಹಟ್ಟಿ ಜಾತ್ರೆಗೆ ಕತ್ತಲಲ್ಲಿ ನಡೆದು ಹೋಗುವವರಿದ್ದಾರೆ. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳಿವೆ. ಬಹುತೇಕ ಕೈಪಿಡಿಗಳಲ್ಲಿ ಪ್ರಾಣಿಗಳನ್ನು ಗುರುತಿಸದೇ ಹೋಗಬಹುದು ಎಂಬ ಸಾಲು ಇರುತ್ತದೆ. ಎದುರು ಬಿಸಿಲು, ಧೂಳು ಮೆತ್ತಿದ ಬಂಪರ್, ಅಳಿಸಿಹೋದ ಬಿಳಿಗೆರೆ ಇವಕ್ಕೂ ಅಲ್ಲಿ ಎಚ್ಚರಿಕೆಯಿದೆ. ಎಡಿಎಎಸ್ ಜಾಹೀರಾತುಗಳ ‘ಲೆವೆಲ್ 2’ ಎಂದರೆ ಚಾಲಕ ಎಲ್ಲ ಹೊತ್ತೂ ರಸ್ತೆ ನೋಡುತ್ತಿರಲೇಬೇಕು ಎಂದೇ ಅರ್ಥ.

ಬೇರೆಯವರ ವಾಹನದ ಮುಂದೆ ನಮ್ಮ ಕಾರಿನ ಯಾವ ಜಾಣತನವೂ ನಡೆಯದ ಹೊತ್ತುಗಳಿವೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ತಾಳೆಕೆರೆ ಬಳಿ ಕಂಟೇನರ್ ಲಾರಿ ಮೈಮೇಲೆ ಮಗುಚಿ ಒಂದೇ ಕಾರಿನ ಆರು ಜನ ಸತ್ತರು. ಸುರಕ್ಷತೆಗೆ ಲೋಕದಲ್ಲೇ ಹೆಸರಾದ ಕಾರು ಅದು. ದೊಡ್ಡ ವಾಹನಗಳಿಗೇ ತುರ್ತು ಬ್ರೇಕ್, ತೂಕಡಿಕೆಯ ಎಚ್ಚರಿಕೆ, ಪಥದ ಎಚ್ಚರಿಕೆ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರ ಮಾರ್ಚ್‌ನಲ್ಲಿ ಹೊರಡಿಸಿತು. ಸರಿಯಾದ ದಾರಿ ಅದು. ಕಾರಿಗಿಂತ ಮೊದಲು ಲಾರಿಗೆ, ಬಸ್ಸಿಗೆ ಬರಬೇಕು.

ಜೊತೆಗೆ ಇನ್ನೊಂದು ಆಗಬೇಕು. ಮಾರುವ ಪ್ರತಿ ಕಾರಿನ ಜೊತೆ, ಆ ಮಾದರಿಗೆ ಸೇರಿದ, ಕನ್ನಡದಲ್ಲಿ ಅಚ್ಚಾದ ಒಂದೇ ಹಾಳೆ ಕೊಡುವುದನ್ನು ಸರ್ಕಾರ ಕಡ್ಡಾಯ ಮಾಡಲಿ. ಈ ಗಾಡಿ ಯಾವುದಕ್ಕೆ ಕೂಗುತ್ತದೆ, ಯಾವುದಕ್ಕೆ ನಿಲ್ಲುತ್ತದೆ, ಯಾವುದನ್ನು ಕಾಣುವುದಿಲ್ಲ ಎಂದು ಅದರಲ್ಲಿರಲಿ. ಔಷಧಿ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆಯಲೇಬೇಕಾದ ದೇಶದಲ್ಲಿ ಇದು ದೊಡ್ಡ ಬೇಡಿಕೆಯಲ್ಲ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆಯಿರಬೇಕು, ಸತ್ಯ ಹೇಳಬೇಕು ಎಂದು ಈ ಸೀಮೆಯ ಬಂಡೆಗಳ ಮೇಲೆ ಬರೆಸಿ ಎರಡು ಸಾವಿರದ ಇನ್ನೂರು ವರ್ಷ ದಾಟಿದೆ.

ಆ ಹಾಳೆ ಬರುವವರೆಗೆ ಕಾಯಬೇಡಿ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮನೆಯಲ್ಲಿ ಗಾಡಿ ಓಡಿಸುವ ಎಲ್ಲರನ್ನೂ ಕೂರಿಸಿಕೊಂಡು ಕೈಪಿಡಿಯ ಕವರು ಬಿಚ್ಚಿ.