ನಮ್ಮದೇ ಕತ್ತರಿ

ದೇವರಾಯನದುರ್ಗದಲ್ಲಿ ಯೋಗಾನರಸಿಂಹನ ಗುಡಿಗೆ ಮೆಟ್ಟಿಲು ಹತ್ತುವವರು ಕೋತಿಗಳಿಗೆ ಬಾಳೆಹಣ್ಣಿನ ಸುಂಕ ತೆರಲೇಬೇಕು. ಕಳೆದ ಬಾರಿ ಹೋಗಿದ್ದಾಗ ತಾಯಿಯೊಬ್ಬರು ಮಗನ ಕೈ ಎಳೆದು, 'ಹತ್ರ ಹೋಗ್ಬೇಡ ಕಣೋ, ಮಂಗನ ಕಾಯಿಲೆ ಬರುತ್ತೆ' ಎಂದರು. 'ಅದು ಹೇಗಮ್ಮ ಬರುತ್ತೆ?' ಎಂದ ಹುಡುಗ. ಉತ್ತರ ಬರುವುದರೊಳಗೆ ಹಣ್ಣು ಹೋಗಿತ್ತು.

ಕೋತಿ ಕಚ್ಚೀತು, ದೂರವಿರುವುದೇ ಒಳ್ಳೆಯದು. ಆದರೆ ಮಂಗನ ಕಾಯಿಲೆ ಪಶ್ಚಿಮಘಟ್ಟದ ಕಾಡುಗಳ ರೋಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲ ಹಳ್ಳಿಗರು ಜ್ವರ ಹಿಡಿದು ಮಲಗಿದಾಗ ಅದು ಪತ್ತೆಯಾಯಿತು. ಮನುಷ್ಯನಿಗೆ ಅದನ್ನು ಮುಖ್ಯವಾಗಿ ಅಂಟಿಸುವುದು ಮಂಗವಲ್ಲ, ಉಣುಗು.

ಇದು ಹುಡುಗನ ಪ್ರಶ್ನೆಗೆ ಅರ್ಧ ಉತ್ತರ. ಉಣುಗು ಕಚ್ಚಿದ ಮೇಲೆ ಮೈಯೊಳಗೆ ನಡೆಯುವುದೇ ಉಳಿದರ್ಧ.

ಈ ವೈರಸ್ಸಿನ ಆಸ್ತಿ ಸುಮಾರು 11 ಸಾವಿರ ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಅದರಲ್ಲಿ 10 ಪ್ರೋಟೀನುಗಳ ನಕ್ಷೆ. ಪ್ರೋಟೀನು ಕಟ್ಟುವ ಯಂತ್ರ ಸ್ವಂತದ್ದಿಲ್ಲ. ಆ ಕೆಲಸವನ್ನು ನಮ್ಮ ಜೀವಕೋಶದ ರೈಬೋಸೋಮುಗಳೇ ಮಾಡಿಕೊಡಬೇಕು. ಅವು ಹತ್ತನ್ನೂ ಒಂದೇ ಉದ್ದನೆಯ ಸರವಾಗಿ ಪೋಣಿಸುತ್ತವೆ. ಸರವನ್ನು ಕೆಲವೆಡೆ ವೈರಸ್ಸಿನ ಕಿಣ್ವ ಕತ್ತರಿಸಿದರೆ, ಇನ್ನು ಕೆಲವೆಡೆ ಕತ್ತರಿಸುವುದು ನಮ್ಮದೇ ಕಿಣ್ವ.

ಹೀಗೆ ಹುಟ್ಟಿದ ಹೊಸ ಕಣ ಇನ್ನೂ ಅಪಾಯಕಾರಿಯಲ್ಲ. ಜೀವಕೋಶದ ಪೊರೆಗೆ ಬೆಸೆದುಕೊಳ್ಳುವ ಅದರ ಪ್ರೋಟೀನಿನ ಮೇಲೆ ಮುಚ್ಚಳದಂಥ ತುಂಡೊಂದು ಕೂತಿರುತ್ತದೆ. ಅದೂ ಬೇಕಾದದ್ದೇ. ಇಲ್ಲದಿದ್ದರೆ, ಹುಟ್ಟಿದ ಕೋಶದಿಂದ ಹೊರಬರುವ ಆಮ್ಲೀಯ ಹಾದಿಯಲ್ಲೇ ಕಣ ಪೊರೆಗೆ ಅಂಟಿ ಕೆಟ್ಟುಹೋದೀತು. ಆ ಹಾದಿಯ ಕೊನೆಯ ಘಟ್ಟದಲ್ಲಿ, ಗಾಲ್ಗಿ ಎಂಬ ಭಾಗದಲ್ಲಿ, ಫ್ಯೂರಿನ್ ಎಂಬ ನಮ್ಮ ಕಿಣ್ವ ಮುಚ್ಚಳದ ಬೆಸುಗೆ ಕತ್ತರಿಸುತ್ತದೆ. ಹೊರಬಿದ್ದೊಡನೆ ಮುಚ್ಚಳ ಕಳಚುತ್ತದೆ. ಕಣ ಮುಂದಿನ ಕೋಶಕ್ಕೆ ನುಗ್ಗಲು ಸಿದ್ಧ. ಡೆಂಗೆ ವೈರಸ್ಸೂ ಇದೇ ಕುಟುಂಬದ್ದು, ಇದೇ ಉಪಾಯ ಹೂಡುತ್ತದೆ. ಬೇರೆ ಕುಟುಂಬದ ಕೋವಿಡ್ ವೈರಸ್ಸಿನ ಮುಳ್ಳಿನಲ್ಲೂ ಫ್ಯೂರಿನ್ ಕತ್ತರಿಸುವ ಜಾಗವಿದೆ.

ಹಾಗಾದರೆ ಫ್ಯೂರಿನ್ನಿನ ಬಾಯಿ ಕಟ್ಟಿದರಾಯಿತಲ್ಲ? ಅಷ್ಟು ಸುಲಭವಲ್ಲ. ಫ್ಯೂರಿನ್ ವೈರಸ್ಸಿಗಾಗಿ ಹುಟ್ಟಿದ್ದಲ್ಲ. ಇನ್ಸುಲಿನ್ನಿನ ಸಂದೇಶ ಹಿಡಿಯುವ ಗ್ರಾಹಕ ಪ್ರೋಟೀನನ್ನು ಕತ್ತರಿಸಿ ಅಣಿಗೊಳಿಸುವುದೂ ಅದೇ. ಫ್ಯೂರಿನ್ ಇಲ್ಲದ ಇಲಿಮರಿಗಳು ಭ್ರೂಣದಲ್ಲೇ ಸಾಯುತ್ತವೆ. ವೈರಸ್ಸಿಗೆ ಮಾತ್ರ ತಗಲುವಷ್ಟು, ನಮಗೆ ತಗಲದಷ್ಟು ಹದವಾಗಿ ತಡೆಯುವ ಔಷಧ ಬೇಕು. ಆ ಹದ ಹುಡುಕುವುದೇ ಕಷ್ಟ.

ಮಂಗನ ಕಾಯಿಲೆಯ ವೈರಸ್ಸನ್ನೇ ಕೊಲ್ಲುವ ನಿಶ್ಚಿತ ಔಷಧ ಇನ್ನೂ ಇಲ್ಲ. ಮಲೆನಾಡಿನವರು ಸೌದೆಗೆ, ದರಕಿಗೆ ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ನಿವಾರಕ ತೈಲ ಹಚ್ಚಿಕೊಳ್ಳುತ್ತಾರೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಾರೆ.