ಹಾಳೆ ಹರಿಯಬೇಡಿ

ಸಾಗರದ ಪೇಟೆಯಲ್ಲಿ ನಮ್ಮದೊಂದು ಪುಟ್ಟ ಅಂಗಡಿ. ಹಪ್ಪಳ, ಸಂಡಿಗೆ, ಸಾರಿನಪುಡಿ, ಮಿಡಿ ಉಪ್ಪಿನಕಾಯಿ, ಇವಿಷ್ಟೇ ನಮ್ಮ ಸರಕು. ಕೂರಲು ಒಂದು ಸ್ಟೂಲು, ತೂಗಲು ಒಂದು ತಕ್ಕಡಿ, ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಅದರ ಪಕ್ಕ ಇನ್ನೂರು ಪುಟದ ಒಂದು ನೋಟುಪುಸ್ತಕ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬರೆದದ್ದು: ‘ಗಿರಾಕಿಗಳ ಅಭಿಪ್ರಾಯ’. ಈ ಪುಸ್ತಕದ ದೆಸೆಯಿಂದ ಮೈದುನನ ಜೊತೆ ಜಗಳವಾಡಿದ್ದೇನೆ, ಪಕ್ಕದ ಬಟ್ಟೆ ಅಂಗಡಿಯ ರಾಯರ ಜೊತೆ ವಾದಕ್ಕೆ ನಿಂತಿದ್ದೇನೆ, ರಾತ್ರಿ ನಿದ್ದೆಗೆಟ್ಟಿದ್ದೇನೆ. ಹಾಗಾಗಿ ಅದರ ಬಗ್ಗೆ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಮೊದಲ ಕೆಲವು ತಿಂಗಳು ಪುಸ್ತಕದ ತುಂಬ ಹೊಗಳಿಕೆಯೇ. ‘ತುಂಬಾ ಚೆನ್ನಾಗಿದೆ’, ‘ಅಮ್ಮನ ಕೈರುಚಿ ನೆನಪಾಯಿತು’, ‘ಹೀಗೇ ಮುಂದುವರಿಸಿ’. ಓದಿ ನಾನೂ ಉಬ್ಬಿದೆ. ಆದರೆ ಆ ಹೊಗಳಿಕೆಗಳಲ್ಲಿ ಒಂದು ನನ್ನ ಚಿಕ್ಕಮ್ಮನದು, ಎರಡು ನನ್ನ ನಾದಿನಿಯದು. ಆಕೆ ಬೇರೆ ಬೇರೆ ಹೆಸರಿನಲ್ಲಿ ಬರೆದಿದ್ದಳು. ಅಕ್ಷರ ಗುರುತು ಹಿಡಿದೂ ಸುಮ್ಮನಿದ್ದೆ. ಸುಳ್ಳು ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಆಷಾಢದ ಜಡಿಮಳೆಯಲ್ಲಿ ಒಂದು ದಿನ ಮಧ್ಯವಯಸ್ಸಿನ ಹೆಂಗಸೊಬ್ಬರು ಕೊಡೆ ಮಡಚಿಟ್ಟು ಒಳಗೆ ಬಂದರು. ಏನೂ ಕೊಳ್ಳಲಿಲ್ಲ. ಪುಸ್ತಕ ತೆಗೆದು ಬರೆದರು: ‘ಹೋದ ವಾರ ಕೊಂಡ ಮಿಡಿ ಉಪ್ಪಿನಕಾಯಿಗೆ ಎಂಟೇ ದಿನಕ್ಕೆ ಬೂಷ್ಟು ಬಂದಿದೆ. ದುಡ್ಡು ದಂಡ.’ ಕೆಳಗೆ ತಾರೀಕು ಹಾಕಿ, ಹೆಸರು ಬರೆದು, ನನ್ನ ಮುಖವನ್ನೂ ನೋಡದೆ ಹೊರಟುಹೋದರು.

ಸಂಜೆ ಮೈದುನ ಬಂದವನು ಅದನ್ನು ಓದಿ, “ಅತ್ತಿಗೆ, ಮೊದಲು ಆ ಹಾಳೆ ಹರೀರಿ. ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳೋದು” ಎಂದ. ನನಗೂ ಅದೇ ಬೇಕಿತ್ತು. ‘ಒದ್ದೆ ಚಮಚ ಹಾಕಿರುತ್ತಾರೆ, ತಪ್ಪು ಅವರದೇ’ ಎಂದು ಸಮಾಧಾನ ಮಾಡಿಕೊಂಡು ಹಾಳೆ ಹರಿದೆ. ಮನೆಗೆ ಹೋದವಳು ಬಚ್ಚಲ ಒಲೆಗೆ ಹಾಕಿದೆ.

ಹತ್ತು ದಿನಗಳಲ್ಲಿ ಇನ್ನೂ ಮೂರು ಬಾಟಲಿ ವಾಪಸು ಬಂದವು. ಅದರಲ್ಲೊಂದನ್ನು ತಾಯಿಯೊಬ್ಬಳು ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೆ ಕಳಿಸಿದ್ದಳು. ಹುಡುಗ ಮೇಲಿನ ಬೂಷ್ಟು ತೆಗೆದೆಸೆದು ಉಳಿದದ್ದನ್ನು ತಿಂದು ಎರಡು ದಿನ ಹೊಟ್ಟೆ ಕೆಡಿಸಿಕೊಂಡನಂತೆ. ಆಗ ಕೂತು ಯೋಚಿಸಿದೆ. ಮಿಡಿಯಲ್ಲಿ ದೋಷವಿರಲಿಲ್ಲ. ತೊಟ್ಟು ಸಮೇತ ಕೊಯ್ದ ಮಿಡಿ, ಸೊನೆ ಹೋಗದ ಹಾಗೆ ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಕಾದದ್ದು. ತಪ್ಪಿದ್ದು ಬಾಟಲಿಯಲ್ಲಿ. ಮಳೆಗಾಲ, ಬಿಸಿಲಿಲ್ಲ. ತೊಳೆದು ಬೋರಲು ಹಾಕಿದ ಬಾಟಲಿಗಳು ಪೂರ್ತಿ ಆರುವ ಮೊದಲೇ ನಾನೇ ಅವಸರದಲ್ಲಿ ತುಂಬಿದ್ದೆ. ತಳದಲ್ಲಿ ನಿಂತ ನೀರಿನಿಂದ ಉಪ್ಪು ತೆಳುವಾಗುತ್ತದೆ. ಉಪ್ಪು ತೆಳುವಾದ ಉಪ್ಪಿನಕಾಯಿಗೆ ಬೂಷ್ಟು ಬರಲು ತಡವಾಗದು. ಇದು ನನ್ನ ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಲೆಕ್ಕ ತೆಗೆದೆ. ಆ ದಿನ ತುಂಬಿದ್ದು ಇಪ್ಪತ್ತೆರಡು ಬಾಟಲಿ. ಹಾಳೆ ಹರಿದ ಮೇಲೆ ಮಾರಿದ್ದು ಹನ್ನೊಂದು. ಆ ಹಾಳೆ ಪುಸ್ತಕದಲ್ಲೇ ಇದ್ದಿದ್ದರೆ ಓದಿದವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನೂ ಉಳಿದವನ್ನು ತೆಗೆದು ನೋಡುತ್ತಿದ್ದೆ. ದೂರಿನ ಹಾಳೆ ಹರಿಯುವುದೆಂದರೆ ಅಂಗಡಿಯ ಮಾನ ಉಳಿಸಿಕೊಂಡಂತೆ ಎಂದು ತಿಳಿದಿದ್ದೆ. ನಿಜಕ್ಕೂ ನಾನು ಮಾಡಿದ್ದು ಹನ್ನೊಂದು ಮನೆಗಳಿಗೆ ಹೋಗಬೇಕಿದ್ದ ಎಚ್ಚರಿಕೆಯನ್ನು ಸುಟ್ಟದ್ದು.

ಗಿರಾಕಿ ದೂರು ಹೇಳುವುದು ಅಧಿಕಪ್ರಸಂಗವಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ‘ತನ್ನ ಮಾತು ಕೇಳಿಸಿಕೊಳ್ಳುವಂತೆ ಮಾಡುವುದು’ ಕೊಳ್ಳುವವರ ಹಕ್ಕು ಎಂದಿತು. ಅದರ ಜಾಗಕ್ಕೆ ಬಂದು 2020ರ ಜುಲೈನಲ್ಲಿ ಜಾರಿಯಾದ 2019ರ ಕಾಯಿದೆಯೂ ಆ ಹಕ್ಕನ್ನು ಹಾಗೆಯೇ ಉಳಿಸಿಕೊಂಡಿದೆ. ಹಿಂದೆ ರೈಲ್ವೆ ಸ್ಟೇಷನ್ನಿನಲ್ಲಿ ‘ದೂರು ಪುಸ್ತಕ ಸ್ಟೇಷನ್ ಮಾಸ್ತರರ ಬಳಿ ಇದೆ’ ಎಂಬ ಬೋರ್ಡು ಓದುತ್ತಿದ್ದೆವಲ್ಲ, ಅಷ್ಟು ದೊಡ್ಡ ರೈಲಿಗೆ ದೂರಿನಿಂದ ಆಗದ ಅವಮಾನ ನನ್ನ ಉಪ್ಪಿನಕಾಯಿಗೆ ಆಗುತ್ತದೆಯೇ?

ಹಾಗಾದರೆ ಪುಸ್ತಕ ತೆರೆದಿಡಿ, ಯಾರು ಏನು ಬೇಕಾದರೂ ಬರೆಯಲಿ ಎನ್ನುತ್ತೀರಾ? ನಾನೂ ಹಾಗೇ ಮಾಡಿದೆ. ಅದರ ಫಲವನ್ನೂ ಕೇಳಿ.

ನಮ್ಮಲ್ಲಿ ಹಪ್ಪಳ ಲಟ್ಟಿಸುವ ಹೆಂಗಸು ಒಬ್ಬಳಿದ್ದಾಳೆ. ಆಕೆಯ ಹಪ್ಪಳ ಎಣ್ಣೆಗೆ ಬಿಟ್ಟರೆ ಅರಳುವ ಚಂದವನ್ನು ನೋಡಿಯೇ ನಂಬಬೇಕು. ಒಂದು ದಿನ ಪುಸ್ತಕ ತೆರೆದರೆ, ಹೆಸರಿಲ್ಲ, ತಾರೀಕಿಲ್ಲ, ‘ಇಲ್ಲಿ ಹಪ್ಪಳ ಮಾಡುವವಳು ಯಾವ ಕೇರಿಯವಳು ಅಂತ ಗೊತ್ತಿದ್ದೂ ಜನ ಹೇಗೆ ಕೊಳ್ಳುತ್ತಾರೋ’ ಎಂದು ಬರೆದಿತ್ತು. ನನ್ನ ಕೈ ನಡುಗಿತು. ಆಕೆಗೆ ಕಾಣದಿರಲಿ ಎಂದು ಪುಟ ಮಗುಚಿದೆ. ಆಕೆ ಲಟ್ಟಣಿಗೆಯಿಂದ ಕಣ್ಣೆತ್ತದೆ ಹೇಳಿದಳು: “ನಂಗೆ ಓದಕ್ಕೆ ಬರ್ತದೆ ಅಕ್ಕಾ. ಬೆಳಗ್ಗೇನೇ ಓದ್ದೆ.”

ಆ ರಾತ್ರಿಯೇ ನಾನು ನಿದ್ದೆಗೆಟ್ಟದ್ದು. ಎಲ್ಲರೂ ಮಾತಾಡಲಿ ಎಂದು ಇಟ್ಟ ಪುಸ್ತಕದಲ್ಲಿ, ದಿನವಿಡೀ ನನ್ನ ಪಕ್ಕದಲ್ಲೇ ಕೂತು ದುಡಿಯುವವಳು ಬೆಳಗಿನಿಂದ ಆ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಹಪ್ಪಳ ಲಟ್ಟಿಸಿದ್ದಳು. ನಿಯಮವಿಲ್ಲದ ಪುಸ್ತಕ ಎಲ್ಲರದೂ ಆಗುವುದಿಲ್ಲ. ನಾಚಿಕೆ ಬಿಟ್ಟವನದು ಮಾತ್ರ ಆಗುತ್ತದೆ.

ರಾಯರು ಒಪ್ಪಲಿಲ್ಲ. “ಗಿರಾಕಿ ಅಂದ್ರೆ ದೇವರು ಕಣಮ್ಮಾ. ದೇವರಿಗೆ ಯಾರಾದ್ರೂ ಷರತ್ತು ಹಾಕ್ತಾರಾ?” ಎಂದರು. ನಾನೆಂದೆ: “ದೇವರು ಗರ್ಭಗುಡಿಯಲ್ಲಿ ಕೂತಿರ್ತಾನೆ ರಾಯರೇ. ಅಡುಗೆಮನೆಗೆ ಬಂದು ಬೇಯಿಸೋರ ಜಾತಿ ಕೇಳಲ್ಲ.” ಮೈದುನನ ವಾದ ಇನ್ನೊಂದು ಬಗೆಯದು: “ಹೇಗೂ ನಿಯಮ ಮಾಡ್ತೀರಲ್ಲ ಅತ್ತಿಗೆ, ಒಳ್ಳೇದನ್ನು ಮಾತ್ರ ಬರೀರಿ ಅಂತಲೇ ಹಾಕಿಬಿಡಿ.” ಒಬ್ಬರಿಗೆ ಬೇಲಿಯೇ ಬೇಡ, ಇನ್ನೊಬ್ಬನಿಗೆ ತನ್ನ ಲಾಭದ ಸುತ್ತ ಮಾತ್ರ ಬೇಲಿ ಬೇಕು. ನನ್ನ ಪ್ರಕಾರ ನಿಯಮ ಇರಬೇಕಾದ್ದು ಇಬ್ಬರನ್ನು ಕಾಯುವುದಕ್ಕೆ: ಕೊಳ್ಳುವವರನ್ನು, ದುಡಿಯುವವರನ್ನು. ಅಂಗಡಿಯ ಯಜಮಾನಿಯ ಹೆಮ್ಮೆಯನ್ನು ಕಾಯುವುದು ನಿಯಮದ ಕೆಲಸವಲ್ಲ.

ಹೊಸ ಪುಸ್ತಕ ತಂದೆ. ಮೊದಲು ಒಂದರಿಂದ ಇನ್ನೂರರವರೆಗೆ ಪುಟಗಳಿಗೆ ಶಾಯಿಯಲ್ಲಿ ನಂಬರು ಹಾಕಿದೆ. ಒಂದು ಹಾಳೆ ಹರಿದರೂ ಯಾರಿಗಾದರೂ ಗೊತ್ತಾಗಬೇಕು. ಇದು ಗಿರಾಕಿಗಳ ಮೇಲಿನ ಅನುಮಾನದಿಂದಲ್ಲ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ. ಆಮೇಲೆ ರಟ್ಟಿನ ಒಳಗೆ ಹೀಗೆ ಬರೆದು ಅಂಟಿಸಿದೆ:

ಒಂದು: ರುಚಿ, ತೂಕ, ಬೆಲೆ, ಶುಚಿ, ನಮ್ಮ ನಡತೆ, ಇವುಗಳ ಬಗ್ಗೆ ಎಷ್ಟು ಖಾರವಾಗಿಯಾದರೂ ಬರೆಯಿರಿ.

ಎರಡು: ಮಾಡುವವರ ಜಾತಿ, ರೂಪ, ಸಂಸಾರದ ಮಾತು ಬೇಡ. ಬರೆದರೆ ಮುಚ್ಚುತ್ತೇವೆ. ಮುಚ್ಚಿದ್ದೇವೆಂದು ಅಲ್ಲಿಯೇ ಬರೆಯುತ್ತೇವೆ.

ಮೂರು: ಕೊಂಡ ತಾರೀಕು ಬರೆಯಿರಿ. ಹೆಸರು ನಿಮ್ಮ ಇಷ್ಟ. ಫೋನ್ ನಂಬರು ಮಾತ್ರ ಇಲ್ಲಿ ಬರೆಯಬೇಡಿ, ಚೀಟಿಯಲ್ಲಿ ನನ್ನ ಕೈಗೆ ಕೊಡಿ.

ನಾಲ್ಕು: ನಮ್ಮ ಮನೆಯವರು, ನೆಂಟರು ಬರೆಯುವಂತಿಲ್ಲ. ಬೇರೆ ಅಂಗಡಿಯ ನಿಂದೆಯೂ ಬೇಡ.

ಐದು: ಯಾವ ದೂರನ್ನೂ ಹರಿಯುವುದಿಲ್ಲ. ಒಂದು ವಾರದೊಳಗೆ ಅದರ ಕೆಳಗೇ ಉತ್ತರ ಬರೆಯುತ್ತೇವೆ.

ಮೂರನೆಯದು ಯಾಕೆಂದು ಹೆಂಗಸರಿಗೆ ವಿವರಿಸಬೇಕಾಗಿಲ್ಲ. ತೆರೆದ ಪುಸ್ತಕದಲ್ಲಿ ಹೆಣ್ಣುಮಗಳೊಬ್ಬಳ ನಂಬರು ಬಿದ್ದಿದ್ದರೆ ಅದನ್ನು ಯಾರು ಯಾತಕ್ಕೆ ಬರೆದುಕೊಂಡು ಹೋಗುತ್ತಾರೆ ಎಂದು ನಿಮಗೆ ಗೊತ್ತು. ನಾಲ್ಕನೆಯದಕ್ಕೆ ನಾದಿನಿ ಮುನಿಸಿಕೊಂಡಳು. ಆದರೆ ಫೋನಿನಲ್ಲೇ ವ್ಯಾಪಾರ ಮಾಡುವ ದೊಡ್ಡ ಕಂಪನಿಗಳಿಗೂ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಹೆಚ್ಚುಕಡಿಮೆ ಇದೇ ಮಾತು ಹೇಳಿದೆ: ದುಡ್ಡು ಕೊಟ್ಟು ಬರೆಸಿದ, ಮಾರುವವರೇ ಜನ ಇಟ್ಟು ಬರೆಸಿದ ಅಭಿಪ್ರಾಯಗಳನ್ನು ಪ್ರಕಟಿಸಬಾರದು. ದುಡ್ಡಿನ ಹೊಗಳಿಕೆ ಕೂಡದು ಎಂದ ಮೇಲೆ ನೆಂಟಸ್ತಿಕೆಯ ಹೊಗಳಿಕೆ ಹೇಗೆ ಆದೀತು?

ಆ ಕೇರಿಯ ಮಾತನ್ನು ಹಳೆಯ ಪುಸ್ತಕದಿಂದ ನಾನು ಹರಿಯಲಿಲ್ಲ. ಅದರ ಮೇಲೆ ಬಿಳಿ ಕಾಗದ ಅಂಟಿಸಿ, ‘ಇಲ್ಲಿದ್ದದ್ದು ತಿನಿಸಿನ ಮಾತಲ್ಲ, ಮನುಷ್ಯರನ್ನು ಹೀಗಳೆಯುವ ಮಾತು. ಅದಕ್ಕೇ ಮುಚ್ಚಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಮೈದಾ ಅಂಟು ಕಾಸಿ ಕೊಟ್ಟವಳು ಆಕೆಯೇ. ಹರಿಯುವುದಕ್ಕೂ ಮುಚ್ಚುವುದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಕದ್ದು ಹರಿದರೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಹೇಳಿ ಮುಚ್ಚಿದರೆ ಹೇಳಬೇಕಾಗುತ್ತದೆ. ಕಾರಣ ಹೇಳಲು ನಾಲಿಗೆ ತಡವರಿಸಿದರೆ, ಆ ಮಾತನ್ನು ಮುಚ್ಚಬಾರದು ಎಂದೇ ಅರ್ಥ.

ಇದರಿಂದ ವ್ಯಾಪಾರ ಹೆಚ್ಚಿತೇ ಎಂದು ಕೇಳಬೇಡಿ. ಪುಸ್ತಕ ಓದಿ ಬರಿಗೈಯಲ್ಲಿ ಹೋದವರನ್ನು ಕಣ್ಣಾರೆ ಕಂಡಿದ್ದೇನೆ. ‘ಸಾರಿನಪುಡಿಯಲ್ಲಿ ಮೆಂತ್ಯ ಹೆಚ್ಚಾಗಿ ಕಹಿ’ ಎಂಬ ಮಾತಿನ ಕೆಳಗೆ ‘ನಿಜ, ಹುರಿದದ್ದು ಹೆಚ್ಚಾಯಿತು’ ಎಂದು ಬರೆಯುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈ ಸಂಕಟ ಎಲ್ಲಿಂದ ಬಂತೆಂದು ನೀವೂ ಬಲ್ಲಿರಿ. ಬಡಿಸಿ ಬಾಗಿಲ ಮರೆಯಲ್ಲಿ ನಿಂತು ‘ಹೇಗಾಗಿದೆ’ ಎಂಬ ಮಾತಿಗೆ ಉತ್ತರ ಕಾಯುತ್ತ ಬೆಳೆದವರು ನಾವು. ಸಾರಿಗೆ ಉಪ್ಪು ಕಡಿಮೆ ಎಂದರೆ ನಮ್ಮ ನಡತೆಯಲ್ಲೇ ಏನೋ ಕಡಿಮೆಯಾಯಿತು ಎಂದು ಕಣ್ಣೀರು ಹಾಕಿದವರು. ಅದೇ ನಾವು ಕೊಳ್ಳಲು ಹೋದಾಗ ಇನ್ನೊಂದು ತರಹ. ಸೀರೆಯ ಬಣ್ಣ ಹೋದರೆ ಅಂಗಡಿಯವನಿಗೆ ಹೇಳಲು ಸಂಕೋಚ. ಹತ್ತು ಮನೆಯ ಜಗಲಿಯಲ್ಲಿ ಹೇಳುತ್ತೇವೆ. ಎರಡೂ ಒಂದೇ ರೋಗ. ದೂರನ್ನು ಕೇಳಿಸಿಕೊಳ್ಳಲೂ ಬಾರದು, ಎದುರಿಗೆ ಹೇಳಲೂ ಬಾರದು. ಅಂಗಡಿ ಇಟ್ಟಿರುವ ಅಕ್ಕತಂಗಿಯರೇ, ಪುಸ್ತಕ ಇಡಿ, ನಿಯಮ ಬರೆಯಿರಿ, ಹಾಳೆ ಹರಿಯಬೇಡಿ. ಕೊಳ್ಳುವವರೇ, ಜಗಲಿಯಲ್ಲಿ ಹೇಳುವುದನ್ನು ಪುಸ್ತಕದಲ್ಲಿ ಬರೆಯಿರಿ.

ಹೊಸ ಪುಸ್ತಕದ ಮೊದಲ ಪುಟದಲ್ಲಿ ನಾನು ಸುಟ್ಟ ದೂರನ್ನು ನನ್ನ ಅಕ್ಷರದಲ್ಲೇ ಮತ್ತೆ ಬರೆದಿದ್ದೇನೆ. ಅದರ ಕೆಳಗೆ ಉತ್ತರವೂ ಇದೆ: ‘ತಪ್ಪು ನನ್ನದು. ಬಾಟಲಿ ಆರಿರಲಿಲ್ಲ.’ ಆ ಹೆಂಗಸು ಮತ್ತೆ ಬಂದಿಲ್ಲ. ಹೆಸರು ಹಾಳೆಯ ಜೊತೆ ಒಲೆಗೆ ಹೋಯಿತು, ಹುಡುಕುವುದಾದರೂ ಹೇಗೆ? ಅವರ ದುಡ್ಡು ಒಂದು ಕವರಿನಲ್ಲಿ ಗಲ್ಲಾಪೆಟ್ಟಿಗೆಯಲ್ಲಿದೆ. ಇದನ್ನು ಓದಿದವರಲ್ಲಿ ಯಾರಿಗಾದರೂ ಅವರು ಪರಿಚಯವಿದ್ದರೆ, ಒಮ್ಮೆ ಅಂಗಡಿಯ ಕಡೆ ಬರಲು ಹೇಳಿ.