ಗುಂಬಜಿಗೆ ಕಣ್ಣೀರು, ಸುರಂಗಕ್ಕೆ ಕಲ್ಲುಮಣ್ಣು

ಬೀದರಿನ ಮಹ್ಮೂದ್ ಗವಾನ್ ಮದ್ರಸದ ಮುಂದೆ ನಿಂತು ನಿಟ್ಟುಸಿರು ಬಿಡದ ಮುಸ್ಲಿಮ್ ಪ್ರವಾಸಿಗ ಅಪರೂಪ. 1472ರಲ್ಲಿ ನಿರ್ಮಾಣವಾದ ಆ ವಿದ್ಯಾಲಯದ ಒಂದು ಭಾಗ 1696ರ ಸಿಡಿಮದ್ದಿನ ಸ್ಫೋಟದಲ್ಲಿ ಕುಸಿಯಿತು. ಉಳಿದ ಒಂಟಿ ಮಿನಾರವನ್ನೂ ಗೋಡೆಗೆ ಅಂಟಿಕೊಂಡಿರುವ ನೀಲಿ ಹೆಂಚಿನ ತುಣುಕುಗಳನ್ನೂ ನೋಡಿ, ನಮ್ಮ ಪೂರ್ವಜರು ಎಷ್ಟು ಎತ್ತರದಲ್ಲಿದ್ದರು, ನಾವು ಎಲ್ಲಿಗೆ ಬಂದೆವು ಎಂದು ಕೊರಗಿ, ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದು, ಬಿರಿಯಾನಿಯ ಹೋಟೆಲನ್ನು ಹುಡುಕುತ್ತಾ ಹೊರಡುತ್ತೇವೆ. ಅದೇ ಊರಿನ ನೌಬಾದಿಗೆ ಹೋಗಿ, ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಿಯುವ ಕಾರೇಜಿನ ಬಾಯಲ್ಲಿ ಇಳಿದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಇಳಿಯುವುದಿರಲಿ, ಅಂಥದ್ದೊಂದು ಇದೆಯೆಂದು ತಿಳಿದವರೇ ಕಡಿಮೆ. ಆ ಅಜ್ಞಾನದ ಮೇಲೆಯೇ ಇಂದು ಬಡಾವಣೆಗಳು ಏಳುತ್ತಿವೆ.

ಕಾರೇಜ್ ಅಥವಾ ಕನಾತ್ ಎಂಬುದು ಇರಾನಿನಿಂದ ಬಂದ ವಿದ್ಯೆ. ಎತ್ತರದ ನೆಲದಲ್ಲಿ ಅಂತರ್ಜಲ ತಗಲುವವರೆಗೆ ಒಂದು ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ತೀರಾ ಅಲ್ಪ ಇಳಿಜಾರಿನಲ್ಲಿ ಸುರಂಗವನ್ನು ಕೊರೆಯುತ್ತಾರೆ. ಸುರಂಗದ ನೆತ್ತಿಯ ಮೇಲೆ ಅಲ್ಲಲ್ಲಿ ಬಾವಿಯಂಥ ಕಂಡಿಗಳಿರುತ್ತವೆ. ಅಗೆದ ಮಣ್ಣನ್ನು ಮೇಲೆತ್ತುವುದು, ಒಳಗಿದ್ದವನಿಗೆ ಗಾಳಿ ಬೆಳಕು ಒದಗಿಸುವುದು, ಮುಂದೆ ಹೂಳು ತೆಗೆಯಲು ಇಳಿಯುವುದು, ಎಲ್ಲವೂ ಆ ಕಂಡಿಗಳ ಮೂಲಕವೇ. ಪಂಪು ಬೇಡ, ವಿದ್ಯುತ್ತು ಬೇಡ. ನೀರು ತನ್ನ ಭಾರದಿಂದಲೇ ನಡೆದು ಊರಿಗೆ ಬರುತ್ತದೆ. ಬಿಸಿಲು ಅದನ್ನು ಮುಟ್ಟುವುದಿಲ್ಲ. ನೌಬಾದಿನ ಕಾರೇಜಿಗೆ ಇಂತಹ ಇಪ್ಪತ್ತೊಂದು ಕಂಡಿಗಳಿದ್ದವೆಂದು ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಅವುಗಳಲ್ಲಿ ಕೆಲವು ಕಟ್ಟಡಗಳ ಮತ್ತು ರಸ್ತೆಗಳ ಅಡಿಗೆ ಸೇರಿಹೋಗಿವೆ.

ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ಬದಲಾಯಿಸಿದ. ಬೀದರ್ ಜಂಬಿಟ್ಟಿಗೆಯ ಪ್ರಸ್ಥಭೂಮಿ. ಮೇಲೆ ಸಚ್ಛಿದ್ರವಾದ ಕೆಂಪು ಜಂಬಿಟ್ಟಿಗೆ, ಅದರಡಿಯಲ್ಲಿ ಗಟ್ಟಿಯಾದ ಕರಿಶಿಲೆ. ಮಳೆಯ ನೀರು ಕೆಂಪು ಕಲ್ಲಿನೊಳಗೆ ಇಂಗಿ, ಕರಿಶಿಲೆಯ ಮೇಲೆ ತಡೆದು, ಎರಡೂ ಸೇರುವ ಅಂಚಿನಲ್ಲಿ ಜಿನುಗುತ್ತದೆ. ಆ ಕಾಲದ ಜಲತಜ್ಞರು ಈ ಅಂಚನ್ನು ಓದಿ ಸುರಂಗವನ್ನು ಕೊರೆದರು. ಭೂವಿಜ್ಞಾನ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಇದನ್ನು ಕಂಡುಕೊಂಡವರನ್ನು ನಾವು ಏನೆಂದು ಕರೆಯಬೇಕು? ನಮ್ಮ ಶಾಲೆಗಳ ಇತಿಹಾಸದ ಪಾಠದಲ್ಲಿ ಅವರು ಕೇವಲ ಯುದ್ಧ ಮಾಡಿದವರು, ತೆರಿಗೆ ವಸೂಲು ಮಾಡಿದವರು, ಪರಸ್ಪರ ಕೊಂದುಕೊಂಡವರು.

ಇದೇ ಪ್ರಸ್ಥಭೂಮಿಯ ಬಂಡೆಯಿಂದ ಜಿನುಗುವ ನೀರಿನ ಬಳಿ ನಾನಕ್ ಝೀರಾ ಗುರುದ್ವಾರವಿದೆ. ಗುರು ನಾನಕರು ಬಂದಾಗ ಚಿಮ್ಮಿದ ಒರತೆ ಅದು ಎಂದು ಸಿಖ್ ಬಾಂಧವರು ನಂಬುತ್ತಾರೆ. ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಗುಹೆಯೊಳಗೆ ಸೊಂಟದುದ್ದದ ನೀರಿನಲ್ಲಿ ನಡೆದು ದರ್ಶನ ಪಡೆಯುತ್ತಾರೆ. ನೌಬಾದಿನಲ್ಲಿ ಸುಲ್ತಾನರ ಸುರಂಗವಿದೆ. ಕೆಂಪು ಕಲ್ಲಿನೊಳಗೆ ಇಂಗಿದ ಮಳೆ ಯಾರ ಜಮಾಅತಿನ ಸದಸ್ಯತ್ವವನ್ನೂ ಕೇಳಲಿಲ್ಲ. ಆದ್ದರಿಂದ, ಬೀದರಿನ ಕಾರೇಜನ್ನು ಉಳಿಸಿ ಎಂಬುದು ಮುಸ್ಲಿಮರ ಬೇಡಿಕೆ ಎಂದು ಯಾರಾದರೂ ಮೂಗು ಮುರಿದರೆ, ಅವರು ಆ ಪ್ರಸ್ಥಭೂಮಿಯನ್ನು ನೋಡಿಲ್ಲ ಎಂದೇ ಅರ್ಥ. ಮೇಲಿನ ನೆಲಕ್ಕೆಲ್ಲ ಕಾಂಕ್ರೀಟು ಹಾಕಿ ಮುಚ್ಚಿದರೆ ಒಣಗುವುದು ಸುಲ್ತಾನನ ಕಾಲುವೆ ಮಾತ್ರವಲ್ಲ.

ಈಗ ಸಮಸ್ಯೆಗೆ ಬರೋಣ. ಬೀದರ್ ಬೆಳೆಯುತ್ತಿರುವ ನಗರ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2014ರ ತನ್ನ ಗಮನಪಟ್ಟಿಯಲ್ಲಿ ಬೀದರಿನ ಐತಿಹಾಸಿಕ ನಗರವನ್ನು ಸೇರಿಸಿತು. 2020ರ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳಿಗೇ ಸ್ಥಾನ ನೀಡಿತು. 2015ರ ಸುಮಾರಿಗೆ ಜಿಲ್ಲಾಡಳಿತ ನೌಬಾದ್ ಕಾರೇಜಿನ ಹೂಳೆತ್ತುವ ಕೆಲಸಕ್ಕೆ ಕೈ ಹಾಕಿತು. ಮುಚ್ಚಿದ ಬಾಯಿ ತೆರೆಯಿತು, ನೀರು ಕಂಡಿತು, ಪತ್ರಿಕೆಗಳು ಬರೆದವು. ಅದು ಶ್ಲಾಘನೀಯ. ಆದರೆ ಹೂಳೆತ್ತುವುದು ಒಂದು ಬೇಸಗೆಯ ಕೆಲಸ. ಸುರಂಗದ ನೆತ್ತಿಯ ಮೇಲಿನ ನೆಲವನ್ನು ಕಾಯುವುದು ಪ್ರತಿದಿನದ ಕೆಲಸ, ಅದಕ್ಕೆ ಫೋಟೋ ಬರುವುದಿಲ್ಲ.

ಒಂದು ಕಂಡಿ ಮುಚ್ಚಿದರೆ ಏನಾಯಿತು, ಇನ್ನೂ ಇಪ್ಪತ್ತು ಇವೆಯಲ್ಲ ಎಂದು ಕೇಳುವವರಿದ್ದಾರೆ. ಸುರಂಗವೆಂದರೆ ಸರಪಣಿ. ಮುಚ್ಚಿದ ಕಂಡಿಯ ಮಣ್ಣು ಒಳಗೆ ಕುಸಿದು ಹರಿವನ್ನು ಕಟ್ಟುತ್ತದೆ. ಗಾಳಿಯಿಲ್ಲದ ಭಾಗದೊಳಕ್ಕೆ ಸ್ವಚ್ಛಗೊಳಿಸುವವನು ಇಳಿಯಲಾರ. ಮೇಲಿನ ಮನೆಯ ಶೌಚಗುಂಡಿಯ ನೀರು ಅದೇ ಸಚ್ಛಿದ್ರ ಕಲ್ಲಿನ ಮೂಲಕ ಕೆಳಗಿಳಿಯುತ್ತದೆ. ಇವೆಲ್ಲಕ್ಕಿಂತ ಘೋರವಾದುದು ಕೊಳವೆಬಾವಿ. ಕಾರೇಜಿಗೆ ಒಂದು ಸಂಯಮವಿದೆ. ಅಂತರ್ಜಲ ಅದರ ಮಟ್ಟಕ್ಕಿಂತ ಕೆಳಗಿಳಿದರೆ ಅದು ಒಂದು ಹನಿಯನ್ನೂ ಎಳೆಯಲಾರದು. ಮಳೆ ಕೊಟ್ಟಷ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ. ಕೊಳವೆಬಾವಿಗೆ ಅಂತಹ ಸಂಯಮವಿಲ್ಲ. ಮೇಲಿನ ಜಂಬಿಟ್ಟಿಗೆಯ ನೀರನ್ನು ಬರಿದು ಮಾಡಿ, ಇನ್ನೂ ಕೆಳಗಿನ ಕರಿಶಿಲೆಯ ಬಿರುಕುಗಳನ್ನು ಹುಡುಕುತ್ತಾ ಹೋಗುತ್ತದೆ. ಸುರಂಗದ ಪಕ್ಕದಲ್ಲಿ ಕೊಳವೆಬಾವಿ ಕೊರೆಯಲು ಅನುಮತಿಸಿ ಸುರಂಗವನ್ನು ಸಂರಕ್ಷಿಸಿದ್ದೇವೆ ಎಂದು ಫಲಕ ಹಾಕುವುದು ನಗೆಪಾಟಲು.

ಕಾನೂನು ಇಲ್ಲವೇ? ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಈ ನೂರು ಮೀಟರಿನೊಳಗೂ ಸರಕಾರದ ಲೋಕೋಪಯೋಗಿ ಕಾಮಗಾರಿಗಳಿಗೆ ದಾರಿ ಮಾಡಿಕೊಡುವ ಮಸೂದೆಯನ್ನು ಲೋಕಸಭೆ 2018ರಲ್ಲಿ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿದ್ದರಿಂದ ಅದು ಅಲ್ಲಿಗೆ ತಡೆಯಿತು. ಆದರೆ ಇಡೀ ಕಾನೂನಿನ ಕಲ್ಪನೆಯೇ ಕಣ್ಣಿಗೆ ಕಾಣುವ ಕಟ್ಟಡದ ಸುತ್ತ ಒಂದು ವೃತ್ತವನ್ನು ಎಳೆಯುವುದು. ಗುಂಬಜಿಗೆ ಅದು ಸಾಕು. ಕಣ್ಣಿಗೆ ಕಾಣದೆ, ನೂರಾರು ಜನರ ಪಟ್ಟಾ ಜಮೀನಿನಡಿಯಲ್ಲಿ ಮೂರು ಕಿಲೋಮೀಟರು ಹಾಯುವ ಸುರಂಗಕ್ಕೆ ವೃತ್ತವನ್ನು ಎಲ್ಲಿಂದ ಎಳೆಯುತ್ತೀರಿ?

ಇಲ್ಲಿ ನಾನು ಮದ್ರಸದಲ್ಲಿ ಓದಿದ ಒಂದು ಪಾಠ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದ ಇಮಾಮ್ ಮರ್ಗೀನಾನಿಯವರ ‘ಹಿದಾಯ’ವನ್ನು ನಮ್ಮಲ್ಲಿ ಅನೇಕ ವಿದ್ಯಾರ್ಥಿಗಳು ಓದುತ್ತಾರೆ. ಬಂಜರು ಭೂಮಿಯನ್ನು ಹಸನುಗೊಳಿಸುವ ಅಧ್ಯಾಯದಲ್ಲಿ ‘ಹರೀಮ್’ ಎಂಬ ಶಬ್ದ ಬರುತ್ತದೆ. ಬಾವಿ ತೋಡಿದವನಿಗೆ ಬಾವಿಯ ಬಾಯಿ ಮಾತ್ರ ಸಿಗುವುದಲ್ಲ, ಅದರ ಸುತ್ತ ನಲ್ವತ್ತು ಮೊಳ ನೆಲವೂ ಅದಕ್ಕೆ ಸೇರುತ್ತದೆ. ಒರತೆಗೆ ಐನೂರು ಮೊಳ. ಆ ಎಲ್ಲೆಯೊಳಗೆ ಇನ್ನೊಬ್ಬನು ಬಾವಿ ತೋಡಿ ಮೊದಲಿನ ನೀರನ್ನು ಸೆಳೆಯುವಂತಿಲ್ಲ. ಕನಾತಿಗೋ? ಅದರ ಕ್ಷೇಮಕ್ಕೆ ಎಷ್ಟು ಬೇಕೋ ಅಷ್ಟು ಹರೀಮ್. ಮೊಳದ ಲೆಕ್ಕವಿಲ್ಲ, ಅಗತ್ಯದ ಲೆಕ್ಕ. ಹದಿಹರೆಯದಲ್ಲಿ ಅದನ್ನು ಉರುಹೊಡೆಯುವಾಗ ಕನಾತ್ ಎಂದರೆ ಎಲ್ಲೋ ಖುರಾಸಾನಿನ ಸಂಗತಿ ಎಂದುಕೊಂಡಿದ್ದೆ. ನಮ್ಮ ಉಸ್ತಾದರೂ ಹಾಗೆಯೇ ಎಂದುಕೊಂಡಿದ್ದಿರಬೇಕು. ಅದು ನಮ್ಮ ಕರ್ನಾಟಕದ ನೆಲದಡಿಯಲ್ಲೇ ಹರಿಯುತ್ತಿದೆಯೆಂದು ಯಾರೂ ಹೇಳಲಿಲ್ಲ. ಆ ವಿಧಿ ಒಡೆಯರಿಲ್ಲದ ಭೂಮಿಗೆ ಸಂಬಂಧಿಸಿದ್ದು, ಇಂದಿನ ನಗರದ ನಿವೇಶನಕ್ಕೆ ಅನ್ವಯಿಸುವುದು ಹೇಗೆ ಎಂಬುದನ್ನು ವಿದ್ವಾಂಸರು ಚರ್ಚಿಸಲಿ. ಆದರೆ ಅದರ ಹಿಂದಿನ ವಿವೇಕ 2010ರ ನಮ್ಮ ಕಾಯ್ದೆಗಿಂತ ಸೂಕ್ಷ್ಮವಾಗಿದೆ ಎಂಬುದನ್ನು ಒಪ್ಪಲು ಮುಫ್ತಿಯಾಗಬೇಕಿಲ್ಲ.

ಇನ್ನು ನಮ್ಮವರ ವಾದ. ಇಸ್ಲಾಮಿನಲ್ಲಿ ಕಲ್ಲಿಗೆ ಪಾವಿತ್ರ್ಯವಿಲ್ಲ, ಸ್ಮಾರಕಗಳ ಆರಾಧನೆ ನಮಗೆ ನಿಷಿದ್ಧ, ಸುಲ್ತಾನರ ವೈಭವಕ್ಕೆ ನಾವೇಕೆ ಹೊಣೆ ಎಂದು ಸುಧಾರಣಾವಾದಿ ಮಿತ್ರರೇ ಹೇಳುತ್ತಾರೆ. ಗೋರಿಗಳಿಗೆ ಚಾದರ ಹೊದಿಸುವುದನ್ನು ಈ ಲೇಖಕನೂ ಒಪ್ಪುವವನಲ್ಲ. ಆದರೆ ಯಾರು ನೀರಿನ ಕಾಲುವೆಯನ್ನು ಪೂಜಿಸಿರಿ ಎಂದರು? ಮದೀನಾದಲ್ಲಿ ರೂಮಾ ಬಾವಿಯ ನೀರನ್ನು ಹಣಕ್ಕೆ ಮಾರಲಾಗುತ್ತಿದ್ದಾಗ ಹ. ಉಸ್ಮಾನ್(ರ) ಅದನ್ನು ಕೊಂಡು ಸರ್ವರಿಗೂ ವಕ್ಫ್ ಮಾಡಿದರು. ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಮಕ್ಕಾಕ್ಕೆ ತರಿಸಿದ ನೀರು ಶತಮಾನಗಳ ಕಾಲ ಹಾಜಿಗಳ ದಾಹ ತಣಿಸಿತು. ಇವನ್ನು ಜುಮಾ ಖುತುಬಾದಲ್ಲಿ ಹೇಳಿ ಸುಬ್‌ಹಾನಲ್ಲಾಹ್ ಎನ್ನಿಸಿಕೊಳ್ಳುವವರು, ಅದೇ ಪರಂಪರೆಯ ಕಾಲುವೆಗೆ ನಮ್ಮ ಕಣ್ಣೆದುರು ಕಲ್ಲುಮಣ್ಣು ಸುರಿಯುವಾಗ ತೌಹೀದಿನ ನೆಪವೊಡ್ಡುವುದು ಆಲಸ್ಯಕ್ಕೆ ಹೊದಿಸಿದ ಚಾದರ. 2002ರಲ್ಲಿ ಮಕ್ಕಾದ ಉಸ್ಮಾನೀ ಕಾಲದ ಅಜ್ಯಾದ್ ಕೋಟೆಯನ್ನು ಕೆಡವಿ ಆ ಜಾಗದಲ್ಲಿ ಹೋಟೆಲುಗಳ ಗೋಪುರ ಎಬ್ಬಿಸಿದಾಗಲೂ ನಮ್ಮಲ್ಲಿ ಅನೇಕರು ಇದೇ ಮಾತನ್ನು ಆಡಿದ್ದರು. ಅಲ್ಲಿ ಗೆದ್ದದ್ದು ತೌಹೀದೋ ರಿಯಲ್ ಎಸ್ಟೇಟೋ?

ನಾನು ಬೇರೆಯವರನ್ನು ಮಾತ್ರ ದೂರುತ್ತಿಲ್ಲ. ನಾನು ಓದಿದ ಮದ್ರಸದ ಅಂಗಳದಲ್ಲಿ ಕಲ್ಲು ಕಟ್ಟಿದ ಒಂದು ಹಳೆಯ ಬಾವಿ ಇತ್ತು. ವುಝೂಗೆ ಅದರದೇ ನೀರು. ರಸ್ತೆಯ ಬದಿಗೆ ಅಂಗಡಿಗಳನ್ನು ಕಟ್ಟಿಸಿದರೆ ಬಾಡಿಗೆ ಬರುತ್ತದೆಂದು ಕಮಿಟಿಯವರು ಅದನ್ನು ಮುಚ್ಚಲು ತೀರ್ಮಾನಿಸಿದರು. ಅಸರ್ ನಮಾಝಿನ ನಂತರ ನಾವು ಮಕ್ಕಳು ಸಾಲಾಗಿ ನಿಂತು ಬುಟ್ಟಿಯಿಂದ ಬುಟ್ಟಿಗೆ ಇಟ್ಟಿಗೆ ಚೂರು ದಾಟಿಸಿದೆವು. ಅದು ನಮಗೆ ಆಟ. ಮೊದಲ ಬುಟ್ಟಿ ನೀರಿಗೆ ಬಿದ್ದ ಸದ್ದಿಗೆ ಕೇಕೆ ಹಾಕಿದ್ದೆವು. ಅಡುಗೆಯ ಅಜ್ಜಿ ಮಾತ್ರ, ಮಕ್ಕಳೇ, ನೀರಿನ ಬಾಯಿ ಮುಚ್ಚಬೇಡಿ ಎಂದು ಗೊಣಗುತ್ತಾ ಒಳಗೆ ಹೋದರು. ಮೂರನೆಯ ಬೇಸಗೆಗೆ ಮದ್ರಸ ಟ್ಯಾಂಕರಿನ ನೀರು ಕೊಳ್ಳತೊಡಗಿತು. ಅಂಗಡಿಗಳ ಬಾಡಿಗೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ನೌಬಾದಿನ ಕಂಡಿಗಳ ಬಗ್ಗೆ ಓದಿದಾಗಲೆಲ್ಲ ನನ್ನ ಕೈಯಲ್ಲಿ ಆ ಬುಟ್ಟಿ ಇದ್ದಂತೆ ಭಾಸವಾಗುತ್ತದೆ.

ಜನರಿಗೆ ಮನೆ ಬೇಕೋ ಹಳೆಯ ಸುರಂಗ ಬೇಕೋ ಎಂಬ ಪ್ರಶ್ನೆಯನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಪಟ್ಟಣದ ಅಂಚಿನಲ್ಲಿ ಮೂವತ್ತು-ನಲ್ವತ್ತರ ಸೈಟು ಕೊಳ್ಳುವವರು ಕೋಟ್ಯಧಿಪತಿಗಳಲ್ಲ. ಗಲ್ಫಿನಲ್ಲಿ ಹತ್ತು ವರ್ಷ ಬೆವರಿಳಿಸಿದವರು, ನಿವೃತ್ತಿಯ ಹಣ ಹಾಕಿದ ಶಿಕ್ಷಕರು, ಹೆಂಡತಿಯ ಒಡವೆ ಮಾರಿದ ಸಣ್ಣ ವ್ಯಾಪಾರಿಗಳು. ಅಡಿಯಲ್ಲಿ ಸುರಂಗವಿದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಮನೆ ಎದ್ದ ಮೇಲೆ ಬುಲ್ಡೋಜರ್ ತಂದು ನಿಲ್ಲಿಸುವುದನ್ನು ಪರಂಪರೆಯ ರಕ್ಷಣೆ ಎಂದು ಕರೆದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಒಬ್ಬ. ಬುಲ್ಡೋಜರುಗಳು ಯಾರ ಮನೆಯನ್ನು ಮೊದಲು ಹುಡುಕುತ್ತವೆ ಎಂಬುದನ್ನು ಈ ದೇಶ ಇತ್ತೀಚಿನ ವರ್ಷಗಳಲ್ಲಿ ಸಾಕಷ್ಟು ನೋಡಿದೆ. ಹೊಣೆ ಇರುವುದು ಕೃಷಿಭೂಮಿಯನ್ನು ಪರಿವರ್ತಿಸಿದವನ ಮೇಲೆ, ಬಡಾವಣೆಯ ನಕ್ಷೆಗೆ ಮೊಹರು ಒತ್ತಿದವನ ಮೇಲೆ, ಗೊತ್ತಿದ್ದೂ ಕಂಡಿಯನ್ನು ಮಣ್ಣಿನಿಂದ ತುಂಬಿಸಿ ಸಮತಟ್ಟು ಮಾಡಿ ಮಾರಿದವನ ಮೇಲೆ. ಆ ಮಾರಾಟಗಾರರಲ್ಲಿ ನಮ್ಮ ಸಮುದಾಯದವರು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಬಿಜಾಪುರದ ಕತೆಯೂ ಭಿನ್ನವಲ್ಲ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ನೆಲದಡಿಯಲ್ಲಿ ನೀರು ತಂದು, ನಗರದ ನಡುನಡುವೆ ಗಂಜ್ ಎಂಬ ನೀರಿನ ಗೋಪುರಗಳನ್ನು ಕಟ್ಟಿ, ಬಾವಡಿಗಳಿಗೂ ಮನೆಗಳಿಗೂ ಹಂಚಿದರು. ಗೋಲಗುಂಬಜಿಗೆ ಟಿಕೆಟಿನ ಸಾಲು. 1620ರ ತಾಜ್ ಬಾವಡಿ ವರ್ಷಾನುಗಟ್ಟಲೆ ಕಸದ ಗುಂಡಿಯಾಗಿತ್ತು. ಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿ ಪ್ರತಿಧ್ವನಿ ಕೇಳಿದ ಮಕ್ಕಳಿಗೆ, ಆ ಲಕ್ಷಾಂತರ ಜನರ ನಗರ ಕುಡಿದದ್ದು ಎಲ್ಲಿಂದ ಎಂಬ ಪ್ರಶ್ನೆ ಹೊಳೆಯುವಂತೆ ನಾವು ಬೆಳೆಸಿಲ್ಲ.

ಇರಾನ್ ತನ್ನ ಹನ್ನೊಂದು ಕನಾತುಗಳನ್ನು 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಒಮಾನ್ ತನ್ನ ಅಫ್ಲಾಜ್ ಕಾಲುವೆಗಳಿಗೆ ಅದೇ ಮನ್ನಣೆಯನ್ನು 2006ರಲ್ಲೇ ಪಡೆಯಿತು. ಬೀದರ್, ಬಿಜಾಪುರ, ಗುಲ್ಬರ್ಗಗಳ ಸ್ಮಾರಕಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಹೋದವು. ಪಟ್ಟಿಯ ಗೌರವ ಬರಲಿ, ಸಂತೋಷ. ಆದರೆ ಪ್ಯಾರಿಸಿನ ಪ್ರಮಾಣಪತ್ರಕ್ಕೆ ಕಾಯಬೇಕಾದ ಕೆಲಸ ಇದಲ್ಲ. ಸುರಂಗದ ಹಾದಿಯನ್ನೂ ಪ್ರತಿಯೊಂದು ಕಂಡಿಯನ್ನೂ ಅಳತೆ ಮಾಡಿ ನಗರದ ಮಹಾಯೋಜನೆಯಲ್ಲಿಯೂ ಆಯಾ ಸರ್ವೆ ನಂಬರಿನ ಪಹಣಿಯಲ್ಲಿಯೂ ನಮೂದಿಸಬೇಕು, ಸೈಟು ನೋಂದಣಿಗೆ ಬಂದವನ ಕಣ್ಣಿಗೆ ಅದು ಬೀಳಲೇಬೇಕು. ಹಾದಿಯ ಎರಡೂ ಬದಿಗೆ ಹೊಸ ಕೊಳವೆಬಾವಿಗೂ ಇಂಗುವ ಶೌಚಗುಂಡಿಗೂ ಪರವಾನಗಿ ನಿಲ್ಲಬೇಕು. ತಿಳಿಯದೆ ಕೊಂಡವನಿಗೆ ಬದಲಿ ನಿವೇಶನ ಕೊಡಬೇಕು, ಅದರ ವೆಚ್ಚವನ್ನು ಬಡಾವಣೆ ಮಾಡಿದವನಿಂದ ವಸೂಲು ಮಾಡಬೇಕು. ನಮ್ಮ ಜಮಾಅತ್ ಕಮಿಟಿಗಳು ಮುಂದಿನ ಸಭೆಯಲ್ಲಿ ಬಣ್ಣ ಬಳಿಯುವ ವಿಷಯಕ್ಕೆ ಮೊದಲು, ತಮ್ಮ ಮಸೀದಿ ಮತ್ತು ವಕ್ಫ್ ಜಮೀನುಗಳಲ್ಲಿ ಮುಚ್ಚಿಹೋದ ಬಾವಿಗಳೆಷ್ಟು, ಯಾವುವುಗಳ ಮೇಲೆ ಯಾರ ಅಂಗಡಿ ನಿಂತಿದೆ, ಬಾಡಿಗೆ ಎಷ್ಟು, ಟ್ಯಾಂಕರಿನ ಬಿಲ್ಲು ಎಷ್ಟು ಎಂಬ ಲೆಕ್ಕವನ್ನು ಓದಿ ಹೇಳಲಿ.